202 ದಿನ ಊರಲ್ಲಿದ್ದೆ: ಸಿಟಿಜನ್‌ಶಿಪ್‌ಗೆ ಈಗಲೇ ಹಾಕೋದಾ, ಕಾಯೋದಾ?

ಹೊಂಗೆನೆರಳು (ಟೆಕ್ಸಾಸ್) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಇಲ್ಲಿ ಓದ್ತಾ ಇದ್ದೀನಿ, ಬರೀತಿರೋದು ಇದೇ ಮೊದಲು. ಸ್ವಲ್ಪ ಉದ್ದ ಆಯ್ತು, ಬೇಜಾರು ಮಾಡ್ಕೋಬೇಡಿ.

ನನ್ನ ಗ್ರೀನ್ ಕಾರ್ಡಿನ ಮೇಲೆ ‘ರೆಸಿಡೆಂಟ್ ಸಿನ್ಸ್’ ಅಂತ ಇರೋ ತಾರೀಖು 14 ಮಾರ್ಚ್ 2021. ಅದಕ್ಕೂ ಮುಂಚೆ ಎಚ್-4, ಎಚ್-1ಬಿ ವೀಸಾ ಅಂತ ಒಂಬತ್ತು ವರ್ಷ ಇಲ್ಲೇ ಕಳೆದಿದ್ದೀನಿ. ಆ ಒಂಬತ್ತು ವರ್ಷ ಲೆಕ್ಕಕ್ಕೇ ಬರಲ್ಲ ಅಂತ ಗೊತ್ತು. ಗ್ರೀನ್ ಕಾರ್ಡ್ ಮೇಲೆ ಐದು ವರ್ಷ ತುಂಬೋಕೆ 90 ದಿನ ಇರೋವಾಗಲೇ ಎನ್-400 (ಸಿಟಿಜನ್‌ಶಿಪ್ ಅರ್ಜಿ) ಹಾಕಬಹುದಲ್ಲ, ಆ ಪ್ರಕಾರ ಮೊನ್ನೆ ಡಿಸೆಂಬರ್ 14ರಿಂದಲೇ ನಾನು ಹಾಕಬಹುದಿತ್ತು. ನಮ್ಮೆಜಮಾನ್ರು ಮಾರನೇ ದಿನವೇ ತಮ್ಮದು ಹಾಕಿ ನಿಶ್ಚಿಂತೆಯಾಗಿ ಕೂತಿದ್ದಾರೆ. ನಾನು ಮಾತ್ರ ದಿನಾ ರಾತ್ರಿ ಫಾರಂ ತೆರೆಯೋದು, ಹೊರದೇಶದ ಪ್ರಯಾಣಗಳ ಪುಟಕ್ಕೆ ಬರೋದು, ಲ್ಯಾಪ್‌ಟಾಪ್ ಮುಚ್ಚೋದು.

ವಿಷಯ ಇಷ್ಟು. 2022ರ ಅಕ್ಟೋಬರ್ ಕೊನೇಲಿ ಅಪ್ಪನಿಗೆ ಸ್ಟ್ರೋಕ್ ಆಯ್ತು. ಬಲಗಡೆ ಕೈಕಾಲು ಬಿದ್ದುಹೋಯ್ತು, ಮಾತು ನಿಂತಿತು. ಅಮ್ಮ ಹೋಗಿ ಆಗಲೇ ಎಂಟು ವರ್ಷ ಆಗಿತ್ತು, ನಾನು ಒಬ್ಬಳೇ ಮಗಳು. ನವೆಂಬರ್ 4ಕ್ಕೆ ಹೊರಟೆ. ವಾಪಸ್ ಟಿಕೆಟ್ ಮಾರ್ಚ್ 30ಕ್ಕೆ ಇತ್ತು. ಮಾರ್ಚ್ ಎರಡನೇ ವಾರ ಅಪ್ಪ ಗಂಜಿ ಕುಡಿಯೋವಾಗ ನೆತ್ತಿಗೆ ಹತ್ತಿ, ಅದು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗಿ ಮತ್ತೆ ಐಸಿಯು ಸೇರಿದರು. ಟಿಕೆಟ್ ಮುಂದಕ್ಕೆ ಹಾಕಿದೆ. ಮತ್ತೆ ಮುಂದಕ್ಕೆ ಹಾಕಿದೆ. ಕೊನೆಗೆ ಅವರು ಕೋಲು ಹಿಡಿದು ಬಚ್ಚಲಿಗೆ ತಾವೇ ಹೋಗಿಬಂದ ವಾರ, ಮೇ 27ಕ್ಕೆ ನಾನು ಇಲ್ಲಿಗೆ ಬಂದೆ. ಪಾಸ್‌ಪೋರ್ಟಿನ ಮುದ್ರೆ ನೋಡಿ ಎಣಿಸಿದರೆ ನವೆಂಬರ್ 6ರಿಂದ ಮೇ 27, ಒಟ್ಟು 202 ದಿನ.

ಒಂದೇ ಸಲಕ್ಕೆ ಅಷ್ಟು ದಾಟಿ ಹೊರಗಿದ್ರೆ ಸಿಟಿಜನ್‌ಶಿಪ್‌ಗೆ ತೊಡಕು ಅಂತಾರಲ್ಲ, ಆ 180 ದಿನ ಅನ್ನೋ ಸಂಖ್ಯೆ ಆಗ ನನ್ನ ತಲೇಲಿ ಇರಲೇ ಇಲ್ಲ ಅಂದ್ರೆ ನಂಬ್ತೀರೋ ಇಲ್ವೋ. ತಲೇಲಿ ಇದ್ದ ಸಂಖ್ಯೆಗಳೆಲ್ಲ ಬಿಪಿ, ಆಕ್ಸಿಜನ್, ಎಷ್ಟು ಎಂಎಲ್ ನೀರು ಕುಡಿದರು ಅನ್ನೋದೇ.

ಆ ಅವಧಿಯಲ್ಲಿ ನಮ್ಮೆಜಮಾನ್ರು, ಮಗಳು ಇಬ್ಬರೂ ಇಲ್ಲೇ ಇದ್ದರು. ಮಗಳು ಆಗ ಎರಡನೇ ಕ್ಲಾಸು, ಒಂದು ದಿನ ಶಾಲೆ ತಪ್ಪಿಸಿಲ್ಲ. ಮನೆ ಸಾಲದ ಕಂತು ನಡೀತಾ ಇತ್ತು. ಕೆಲಸದಲ್ಲಿ ಮೊದಲ 12 ವಾರ ಎಫ್‌ಎಂಎಲ್‌ಎ ರಜೆ (ಮನೆಯವರ ಕಾಯಿಲೆಗೆ ಅಂತ ಕಾನೂನಿನಲ್ಲಿರೋ ರಜೆ), ಸಂಬಳ ಇಲ್ಲ. ಆಮೇಲೆ ಮ್ಯಾನೇಜರ್ ಪುಣ್ಯಾತ್ಮ, ಅಲ್ಲಿಂದಲೇ ಅರ್ಧ ದಿನ ಕೆಲಸ ಮಾಡು ಅಂದ. ಸಂಬಳ ಇಲ್ಲಿನ ಅಕೌಂಟಿಗೇ ಬಂತು, ಡಬ್ಲ್ಯೂ-2 (ವರ್ಷದ ಸಂಬಳ-ತೆರಿಗೆಯ ಚೀಟಿ) ಕೂಡ ಇಲ್ಲಿಯದೇ. ಟ್ಯಾಕ್ಸ್ ಪ್ರತಿ ವರ್ಷ ಇಬ್ಬರೂ ಒಟ್ಟಿಗೆ ಕಟ್ಟಿದ್ದೀವಿ. ಇದಲ್ಲದೆ ಆಮೇಲೆ ಎರಡು ಸಲ ಊರಿಗೆ ಹೋಗಿದ್ದೀನಿ, 38 ದಿನ ಒಮ್ಮೆ, 24 ದಿನ ಒಮ್ಮೆ. ಒಂದು ಸ್ಪೀಡಿಂಗ್ ಟಿಕೆಟ್ ಇದೆ, 180 ಡಾಲರ್ ಕಟ್ಟಿದೆ (ಈ 180 ನನ್ನ ಬೆನ್ನು ಬಿಡೋ ಹಾಗಿಲ್ಲ).

ಒಬ್ಬ ಲಾಯರು ಹತ್ತು ನಿಮಿಷ ಮಾತಾಡಿ ‘ಕಾಯಿರಿ’ ಅಂದ್ರು, ಯಾಕೆ ಅಂತ ಹೇಳಲಿಲ್ಲ. ಗೆಳತಿಯೊಬ್ಬಳು ‘ರೀ-ಎಂಟ್ರಿ ಪರ್ಮಿಟ್ ತಗೊಂಡು ಹೋಗಿದ್ರೆ ಈ ರಗಳೆ ಇರ್ತಿರಲಿಲ್ಲ’ ಅಂದಳು. ಏರ್‌ಪೋರ್ಟಿನಲ್ಲಿ ವಾಪಸ್ ಬಂದಾಗ ಆಫೀಸರ್ ಆಸ್ಪತ್ರೆ ಕಾಗದ ನೋಡಿ ಒಳಗೆ ಬಿಟ್ಟಿದ್ದಾನೆ. ಅಷ್ಟು ಸಾಲದೇ?

ಈಗ ಹಾಕಿದ್ರೆ ಸಿಟಿಜನ್‌ಶಿಪ್ ಇಂಟರ್‌ವ್ಯೂನಲ್ಲಿ ಹೊಸ ಪರೀಕ್ಷೆ ಬೇರೆ ಅಂತೆ, ಅದರ ಅಂಜಿಕೆಯೂ ಇದೆ. ಮತ್ತೆ ಒಂದು ಒಳಗಿನ ಮಾತು. ಅಪ್ಪನಿಗೆ ಈಗ ಮಾತು ಬಂದಿದೆ, ನಿಧಾನ. ಫೋನಿನಲ್ಲಿ ಕೇಳಿದರು: ‘ಪಾಸ್‌ಪೋರ್ಟ್ ಕೊಟ್ಟುಬಿಟ್ರೆ, ನನ್ನ ನೋಡೋಕೆ ವೀಸಾ ಕೇಳ್ಬೇಕಾ ನೀನು?’ ಏನು ಹೇಳೋದು ಅಂತ ತಿಳೀಲಿಲ್ಲ.

—

ಸುಮ್ನೆಒಬ್ಬ:

180 ದಾಟಿದ್ರೆ ಮುಗೀತು ಮೇಡಂ. ಬಂದ ದಿನದಿಂದ ಮತ್ತೆ ಐದು ವರ್ಷ ಎಣಿಸಬೇಕು. 2028. ನನ್ನ ರೂಮ್‌ಮೇಟ್‌ಗೂ ಹೀಗೇ ಆಯ್ತು.

—

ಲೆಕ್ಕದಮೇಷ್ಟ್ರು (ನ್ಯೂಜೆರ್ಸಿ):

ಮೇಲಿನ ಉತ್ತರ ತಪ್ಪು. ಆ ರೂಮ್‌ಮೇಟ್ ಒಂದು ವರ್ಷಕ್ಕಿಂತ ಹೆಚ್ಚು ಹೊರಗಿದ್ದಿರಬೇಕು. ಅವರಿಗೂ ಮತ್ತೆ ಐದು ವರ್ಷ ಅಲ್ಲ, ಬಂದ ಮೇಲೆ 4 ವರ್ಷ 1 ದಿನ.

ತಂಗಿ, ಮೊದಲು ನಿನ್ನ ಲೆಕ್ಕ ತಿದ್ದಿಕೋ. 202 ಅಲ್ಲ, 203. ನೀನು ಎಣಿಸಿರೋದು ಇಂಡಿಯಾದಲ್ಲಿ ಇಳಿದಾಗ ಬಿದ್ದ ಮುದ್ರೆಯಿಂದ. ಇವರಿಗೆ ಬೇಕಾಗಿರೋದು ನೀನು ಇಂಡಿಯಾದಲ್ಲಿ ಎಷ್ಟು ದಿನ ಇದ್ದೆ ಅನ್ನೋದಲ್ಲ, ಅಮೆರಿಕದಲ್ಲಿ ಎಷ್ಟು ದಿನ ಇರಲಿಲ್ಲ ಅನ್ನೋದು. ಹೊರಟ ದಿನ, ಬಂದ ದಿನ ಎರಡೂ ಇಲ್ಲಿದ್ದ ಹಾಗೇ ಲೆಕ್ಕ. ಹಾಗಾಗಿ ನವೆಂಬರ್ 5ರಿಂದ ಮೇ 26. ಸರ್ಕಾರದ ಐ-94 ವೆಬ್‌ಸೈಟಿನಲ್ಲಿ (ದೇಶಕ್ಕೆ ಬಂದುಹೋದ ದಾಖಲೆ ಇರೋದು) ನಿನ್ನ ಪ್ರಯಾಣದ ಪಟ್ಟಿ ತೆಗೆದು ಹೋಲಿಸಿ ನೋಡು. ಅದರಲ್ಲೂ ಕೆಲವೊಮ್ಮೆ ಹೊರಟ ತಾರೀಖು ಬಿಟ್ಟುಹೋಗಿರುತ್ತೆ, ಟಿಕೆಟ್ ಮೇಲ್ ಹುಡುಕಿ ತುಂಬಬೇಕು. ಒಂದು ದಿನದ ವ್ಯತ್ಯಾಸದಿಂದ ನಿನ್ನ ಕೇಸು ಬದಲಾಗಲ್ಲ. ಆದರೆ ಪ್ರಮಾಣ ಮಾಡಿ ಉತ್ತರ ಕೊಡೋ ಫಾರಂನಲ್ಲಿ ತಪ್ಪು ತಾರೀಖು ಬರೆದು ಆಮೇಲೆ ಇಂಟರ್‌ವ್ಯೂನಲ್ಲಿ ತಿದ್ದಿಸೋದಕ್ಕಿಂತ ಈಗಲೇ ಸರಿಮಾಡೋದು ಮೇಲು.

ಈಗ ನಿನ್ನ ತಲೇಲಿ ಕಲಸಿಹೋಗಿರೋ ಎರಡು ವಿಷಯ ಬಿಡಿಸ್ತೀನಿ. ಒಂದು, ಶರೀರ ಇಲ್ಲಿ ಎಷ್ಟು ದಿನ ಇತ್ತು ಅನ್ನೋದು. ಐದು ವರ್ಷದಲ್ಲಿ ಅರ್ಧ, ಅಂದ್ರೆ 913 ದಿನ ಇರಬೇಕು. ನಿನ್ನ ಮೂರೂ ಪ್ರಯಾಣ ಸೇರಿ ಹೊರಗಿದ್ದದ್ದು 265 ದಿನ. ಇಲ್ಲಿದ್ದದ್ದು 1,400ಕ್ಕೂ ಮೇಲೆ. ಅದರ ಚಿಂತೆ ಬಿಟ್ಟುಬಿಡು. ಎರಡನೆಯದು ವಾಸ ತುಂಡಾಗದೆ ಮುಂದುವರಿದಿದೆಯಾ ಅನ್ನೋದು. ನಿನ್ನ ತೊಡಕು ಇರೋದು ಇಲ್ಲಿ ಮಾತ್ರ. ಒಂದೇ ಸಲಕ್ಕೆ ಆರು ತಿಂಗಳು ದಾಟಿ, ಒಂದು ವರ್ಷದೊಳಗೆ ಬಂದವರ ವಾಸ ತುಂಡಾಗಿದೆ ಅಂತ ಅವರು *ಊಹಿಸಿಕೊಳ್ತಾರೆ*. ಊಹೆಯನ್ನ ಸುಳ್ಳು ಮಾಡೋ ಅವಕಾಶ ನಿನಗಿದೆ, ಹೊಣೆಯೂ ನಿನ್ನದೇ. ವರ್ಷ ದಾಟಿದವರಿಗೆ ಆ ಅವಕಾಶವೇ ಇಲ್ಲ.

ಏನೇನು ನೋಡ್ತಾರೆ ಅಂತ ನಿಯಮದಲ್ಲೇ ಇದೆ: ಇಲ್ಲಿನ ಕೆಲಸ ಬಿಟ್ಟಿರಬಾರದು, ಅಲ್ಲಿ ಹೊಸ ಕೆಲಸ ಹಿಡಿದಿರಬಾರದು, ಹತ್ತಿರದ ಕುಟುಂಬ ಇಲ್ಲೇ ಇದ್ದಿರಬೇಕು, ಇಲ್ಲಿನ ಮನೆ ನಿನ್ನ ಕೈಯಲ್ಲೇ ಇದ್ದಿರಬೇಕು. ನೀನು ಬರೆದಿರೋದು ಓದಿದ್ರೆ ನಾಲ್ಕೂ ನಿನ್ನ ಕಡೆಗೇ ಇದೆ. ನನಗೆ ಅದಕ್ಕಿಂತ ಗಟ್ಟಿ ಅನ್ನಿಸಿದ್ದು ನೀನು ಹಾಗೇ ಹೇಳಿ ಮುಂದೆ ಹೋದ ಮಾತು, ಮಾರ್ಚ್ 30ರ ವಾಪಸ್ ಟಿಕೆಟ್. ಅದು 145 ದಿನಕ್ಕೇ ಬರೋ ಟಿಕೆಟ್. ಹೊರಡೋವಾಗಲೇ ನಿನ್ನ ಮನಸ್ಸಿನಲ್ಲಿ ಏನಿತ್ತು ಅನ್ನೋದಕ್ಕೆ ನಿನ್ನ ಬಾಯಿಮಾತಿಗಿಂತ ಆ ಕಾಗದ ದೊಡ್ಡದು. ಅದನ್ನ, ಟಿಕೆಟ್ ಬದಲಾಯಿಸಿದ ಎರಡು ಮೇಲ್‌ಗಳನ್ನ, ಐಸಿಯು ದಾಖಲೆಯನ್ನ ತಾರೀಖಿನ ಕ್ರಮದಲ್ಲಿ ಒಂದರ ಹಿಂದೆ ಒಂದು ಇಡು. ಆಫೀಸರ್‌ಗೆ ನಿನ್ನ ಕಥೆ ಬೇಡ, ಆ ಕ್ರಮ ಸಾಕು.

ಜೊತೆಗೆ ಕಂಪನಿಯಿಂದ ರಜೆಯ ಪತ್ರ, ಆ ತಿಂಗಳುಗಳ ಪೇ-ಸ್ಲಿಪ್, ಮನೆ ಸಾಲದ ಹೇಳಿಕೆ, ಮಗಳ ಶಾಲೆಯ ಹಾಜರಿ. 2022, 2023ರ ಟ್ಯಾಕ್ಸ್ ಟ್ರಾನ್ಸ್‌ಕ್ರಿಪ್ಟ್ ತೆರಿಗೆ ಇಲಾಖೆ ಐಆರ್‌ಎಸ್‌ನಿಂದ ತೆಗೆದುಕೋ. ಗ್ರೀನ್ ಕಾರ್ಡ್ ಇಟ್ಟುಕೊಂಡು ‘ನಾನ್-ರೆಸಿಡೆಂಟ್’ ಅಂತ ಫೈಲ್ ಮಾಡಿದವರಿಗೆ ಇದೇ ಪುಟದಲ್ಲಿ ಕುತ್ತಿಗೆಗೆ ಬರುತ್ತೆ, ನಿನಗೆ ಆ ಸಮಸ್ಯೆ ಇಲ್ಲ.

ರೀ-ಎಂಟ್ರಿ ಪರ್ಮಿಟ್ ಬಗ್ಗೆ ನಿನ್ನ ಗೆಳತಿ ಹೇಳಿದ್ದು ಸರಿಯಲ್ಲ. ಅದು ಬಾಗಿಲಲ್ಲಿ ಒಳಗೆ ಬರೋಕೆ ಇರೋ ಚೀಟಿ. ಸಿಟಿಜನ್‌ಶಿಪ್ಪಿನ ವಾಸದ ಲೆಕ್ಕವನ್ನ ಅದು ಕಾಪಾಡಲ್ಲ. ಏರ್‌ಪೋರ್ಟಿನವನು ಒಳಗೆ ಬಿಟ್ಟದ್ದೂ ಅಷ್ಟೇ: ನಿನ್ನ ಗ್ರೀನ್ ಕಾರ್ಡ್ ಬಿಟ್ಟುಕೊಟ್ಟಿಲ್ಲ ಅಂತ ಆವತ್ತು ಅವನಿಗೆ ಅನ್ನಿಸ್ತು. ಎನ್-400 ನೋಡೋ ಆಫೀಸರ್ ಕೇಳೋ ಪ್ರಶ್ನೆ ಬೇರೆ.

ಕಾಯೋದಾದ್ರೆ ಎಲ್ಲಿವರೆಗೆ? ವಾಪಸ್ ಬಂದ ದಿನಕ್ಕೆ ನಾಲ್ಕೂವರೆ ವರ್ಷ ಸೇರಿಸು: 2027ರ ನವೆಂಬರ್ ಕೊನೆ. ಆವಾಗ ಹಿಂದಿನ ಐದು ವರ್ಷದ ಕಿಟಕಿಯಲ್ಲಿ ಆ ಪ್ರಯಾಣದ ಆರು ತಿಂಗಳಿಗಿಂತ ಕಡಿಮೆ ಭಾಗ ಕಾಣುತ್ತೆ, ಊಹೆಯ ಮಾತೇ ಬರಲ್ಲ. ನಿನ್ನ ಲಾಯರು ಬಹುಶಃ ಇದನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೇಳಿದ್ದು. ಕಾರಣ ಹೇಳಿದ್ರೆ ಹತ್ತು ನಿಮಿಷ ಹನ್ನೊಂದಾಗ್ತಿತ್ತು ಅಷ್ಟೇ.

ನಾನಾಗಿದ್ರೆ ಈಗಲೇ ಹಾಕ್ತಿದ್ದೆ. ನಾನು ಹಾಕಿದ್ದೆ ಕೂಡ, 2019ರಲ್ಲಿ, 194 ದಿನದ ಪ್ರಯಾಣ ಇಟ್ಟುಕೊಂಡು. ಅಣ್ಣನ ಕಿಡ್ನಿ ಆಪರೇಷನ್. ಹನ್ನೆರಡು ನಿಮಿಷ ಅದರ ಬಗ್ಗೆ ಕೇಳಿದರು, ಗೋಡೆ ಗಡಿಯಾರ ನೋಡ್ತಾ ಕೂತಿದ್ದೆ. ಕೊಟ್ಟರು. ಕೊಡದೇ ಇದ್ದಿದ್ರೆ? ಈ ಕಾರಣಕ್ಕೆ ತಿರಸ್ಕಾರ ಆದರೆ ಗ್ರೀನ್ ಕಾರ್ಡ್ ತಾನಾಗಿ ಹೋಗಲ್ಲ. ಈಗಿನ ದರದಲ್ಲಿ ಆನ್‌ಲೈನ್ ಆದ್ರೆ 710 ಡಾಲರ್ ಹೋಗುತ್ತೆ, ಕಾಗದದಲ್ಲಿ ಆದ್ರೆ 760. 30 ದಿನದೊಳಗೆ ಎನ್-336 (ಮರುವಿಚಾರಣೆ ಕೇಳೋ ಫಾರಂ) ಹಾಕಿ ಇನ್ನೊಬ್ಬ ಆಫೀಸರ್ ಮುಂದೆ ವಾದ ಹೇಳಬಹುದು. ಆದರೆ ನಿನ್ನ ಕಾಗದ ಪೂರ್ತಿ ಸಿಗೋವರೆಗೆ ಹಾಕಬೇಡ.

—

ಅವ್ವನಮಗ (ಕ್ಯಾಲಿಫೋರ್ನಿಯಾ):

ಅಕ್ಕಾರ, ದಿನದ ಲೆಕ್ಕ ಮೇಷ್ಟ್ರು ಹೇಳ್ಯಾರ, ಅದರಾಗ ನಾ ಕೈ ಹಾಕಂಗಿಲ್ರೀ. ಪರೀಕ್ಷಾದ ಅಂಜಿಕಿ ಅಂದ್ರಲ್ಲ, ಅದಕ್ಕ ಬರಿಯಾಕತ್ತೇನಿ.

2025ರ ಅಕ್ಟೋಬರ್ 20ರಿಂದ ಈಚೆ ಅರ್ಜಿ ಹಾಕಿದವರಿಗೆ ಹೊಸಾ ಪರೀಕ್ಷಾ. ಮೊದಲು ಈ ದೇಶದ ಇತಿಹಾಸ, ಸರ್ಕಾರದ ಮ್ಯಾಲೆ 100 ಪ್ರಶ್ನೆ ಓದಿಕೊಂಡು 10ರಾಗ 6 ಹೇಳಿದ್ರ ಸಾಕಿತ್ತು. ಈಗ ಓದೂದು 128, ಕೇಳೂದು 20, ಸರಿ ಬೇಕಾದದ್ದು 12. ಹನ್ನೆರಡು ಸರಿ ಆದ ಕೂಡಲೇ ನಿಲ್ಲಸ್ತಾರ, ಒಂಬತ್ತು ತಪ್ಪಾದ್ರೂ ನಿಲ್ಲಸ್ತಾರ. ಓದೂದು ಬರಿಯೂದು ಹಂಗ ಐತಿ: ಮೂರು ವಾಕ್ಯದಾಗ ಒಂದು ಓದಬೇಕು, ಮೂರರಾಗ ಒಂದು ಬರೀಬೇಕು. ಫೇಲಾದ್ರ ಇನ್ನೊಂದು ಸಲ ಕರೀತಾರ, 60 ದಿನದ ಮ್ಯಾಲೆ 90ರೊಳಗ. ಇಷ್ಟು ವರ್ಷ ಇಲ್ಲೆ ಇಂಗ್ಲಿಷ್‌ನಾಗ ನೌಕರಿ ಮಾಡಿದ ನಿಮಗ ಇದೇನು ದೊಡ್ಡದಲ್ಲ.

ದೊಡ್ಡದಾಗಿದ್ದು ನಮ್ಮವ್ವಗ. ಆಕಿಗೆ 71, ಗ್ರೀನ್ ಕಾರ್ಡ್ 2001ರಿಂದ. 65 ದಾಟಿ, ಗ್ರೀನ್ ಕಾರ್ಡ್ ಮ್ಯಾಲೆ 20 ವರ್ಷ ಇಲ್ಲಿದ್ದವರಿಗೆ ಇಂಗ್ಲಿಷ್ ಬೇಕಾಗಿಲ್ಲ. ಇಪ್ಪತ್ತ ಪ್ರಶ್ನೆ ಓದೂದು, ಹತ್ತು ಕೇಳ್ತಾರ, ಆರು ಹೇಳಬೇಕು, ಅದೂ ಕನ್ನಡದಾಗ. ದುಭಾಷಿ ನಾವ ಕರಕೊಂಡು ಹೋಗಬೇಕು. ನಮ್ಮ ಓಣ್ಯಾಗಿನ ಒಬ್ಬ ಹೆಣ್ಣುಮಗಳು ಬಂದಳು. (65 ಆಗದವರಿಗೂ, ಇಪ್ಪತ್ತು ವರ್ಷ ಆಗದವರಿಗೂ ದಾರಿ ಅವ: 50 ವಯಸ್ಸು-20 ವರ್ಷ, ಇಲ್ಲಾ 55 ವಯಸ್ಸು-15 ವರ್ಷ. ಅವರಿಗೂ ಇಂಗ್ಲಿಷ್ ಮಾಫಿ, ಆದ್ರ ಪ್ರಶ್ನೆ ಪೂರಾ ಓದಬೇಕು.)

ಮನ್ಯಾಗ ತಯಾರಿ ನಡದಿತ್ತು. ‘ಅವ್ವಾ, ಕಾಂಗ್ರೆಸ್ಸಿನ ಎರಡು ಭಾಗ ಯಾವು?’ ಅಂತ ಕೇಳಿದೆ. ಒಂದು ಸೆಕೆಂಡ್ ತಡೀಲಿಲ್ಲ ನೋಡ್ರಿ: ‘ಸಂಸ್ಥಾ ಕಾಂಗ್ರೆಸ್, ಇಂದಿರಾ ಕಾಂಗ್ರೆಸ್. 1969ರಾಗ ಒಡೀತು. ನಿಮ್ಮಜ್ಜ ನಿಜಲಿಂಗಪ್ಪನವರ ಕಡೆ ಇದ್ದ.’ ಸೆನೆಟ್, ಹೌಸ್ ಅಂತ ಕಲಿಸೂದ್ರಾಗ ಒಂದು ವಾರ ಹೋತು. ಪ್ರತಿ ಸಲ ಮೊದಲ ಅಜ್ಜನ ಪಕ್ಷ ಬಂದ ಬರ್ತಿತ್ತು.

ಇಂಟರ್‌ವ್ಯೂ ದಿನ ಅದನ್ನ ಕೇಳಲೇ ಇಲ್ಲ. ‘ಅಧ್ಯಕ್ಷರ ಚುನಾವಣಿಗೆ ಯಾವ ತಿಂಗಳ ಮತ ಹಾಕ್ತೀವಿ?’ ಅಂತ ಕೇಳಿದ್ರು. ಅವ್ವ, ‘ದೀಪಾವಳಿ ಹಿಂದುಮುಂದ’ ಅಂದ್ಲು. ದುಭಾಷಿ ಹೇಳಿದ್ದನ್ನ ಹೇಳಿದಂಗ ಹೇಳಬೇಕಲ್ಲ, ಆಕಿ ಹಂಗ ಹೇಳಿದಳು. ಆಫೀಸರ್ ಬಾಯಿ ನಕ್ಕು, ತಿಂಗಳ ಹೆಸರು ಹೇಳ್ರಿ ಅಂದಳು. ನವೆಂಬರ್ ಅಂತು. ಪಾಸ್.

—

ಹೊಂಗೆನೆರಳು:

ಅವ್ವನಮಗ ಅವರೇ, ಅಪ್ಪನಿಗೆ ಫೋನಿನಲ್ಲಿ ಈ ಕಥೆ ಓದಿ ಹೇಳಿದೆ. ಎರಡು ಸಲ ಓದಿಸಿಕೊಂಡರು. ‘ಸಂಸ್ಥಾ ಕಾಂಗ್ರೆಸ್ ಸರಿ ಉತ್ತರವೇ’ ಅಂದರು.

ಮೇಷ್ಟ್ರೇ, ಕೂತು ಲೆಕ್ಕ ಹಾಕಿಕೊಟ್ಟಿದ್ದಕ್ಕೆ ಕೈಮುಗಿದೆ. ಐ-94 ತೆಗೆದೆ, ನಿಮ್ಮ 203 ಸರಿ. ಮಾರ್ಚ್ 30ರ ಟಿಕೆಟ್ ಯಜಮಾನರ ಮೇಲ್‌ನಲ್ಲಿದೆ, ಇದಕ್ಕೆ ಇಷ್ಟು ಬೆಲೆ ಇದೆ ಅಂತ ಇಬ್ಬರಿಗೂ ಹೊಳೆದಿರಲಿಲ್ಲ. ಸ್ಪೀಡಿಂಗ್ ಟಿಕೆಟ್ ಬಗ್ಗೆ ಯಾರೂ ಹೇಳಲಿಲ್ಲ?

—

ಸೀತಕ್ಕ (ಓಹಾಯೊ):

ಟಿಕೆಟ್ ಮುಚ್ಚಿಡಬೇಡ ಕಣಮ್ಮ, ಫಾರಂನಲ್ಲಿ ಹೇಳಿಬಿಡು, ದಂಡ ಕಟ್ಟಿದ ರಸೀತಿ ಜೊತೆಯಲ್ಲಿಟ್ಟುಕೋ. ಕುಡಿದು ಓಡಿಸಿದ್ದಲ್ಲ, ಅರೆಸ್ಟ್ ಆಗಿದ್ದಲ್ಲ. ಅಷ್ಟಕ್ಕೆ ನಡತೆ ಕೆಟ್ಟದ್ದು ಅನ್ನಲ್ಲ. 2025ರ ಆಗಸ್ಟ್‌ನಿಂದ ಈ ನಡತೆಯ ವಿಚಾರ ಬಿಗಿ ಮಾಡಿದ್ದಾರೆ. ತಪ್ಪು ಮಾಡಿಲ್ಲ ಅನ್ನೋದಷ್ಟೇ ಅಲ್ಲ, ಒಳ್ಳೇದೇನು ಮಾಡಿದ್ದೀರಿ ಅಂತಲೂ ನೋಡ್ತಾರೆ. ಕಾಯಿಲೆ ಬಿದ್ದ ತಂದೆಯನ್ನ ನೋಡಿಕೊಂಡದ್ದಕ್ಕಿಂತ ಒಳ್ಳೇದು ಇನ್ನೇನು ಬೇಕೋ, ಕೇಳಲಿ, ಹೇಳು.

ನನಗೆ ಟಿಕೆಟ್‌ಗಿಂತ ಭಯ ಇರೋದು ಬೇರೆ ಕಡೆ. ಡ್ರೈವಿಂಗ್ ಲೈಸೆನ್ಸ್ ಮಾಡಿಸೋವಾಗ ಕೌಂಟರಿನವರು ‘ಮತದಾರರ ಪಟ್ಟಿಗೂ ಸೇರಿಸಲಾ?’ ಅಂತ ಒಂದೇ ಉಸಿರಲ್ಲಿ ಕೇಳಿ, ನಮ್ಮವರು ಅದೇ ಉಸಿರಲ್ಲಿ ‘ಎಸ್ ಎಸ್’ ಅಂದುಬಿಡ್ತಾರೆ. ನಮ್ಮ ಪರಿಚಯದ ಹುಡುಗನಿಗೆ ಹಾಗಾಗಿ ಎರಡು ವರ್ಷ ಒದ್ದಾಡಿದ. ಗ್ರೀನ್ ಕಾರ್ಡಿನವರು ನೋಂದಾಯಿಸಿದ್ರೇ ಕಷ್ಟ, ಮತ ಹಾಕಿದ್ರೆ ಗ್ರೀನ್ ಕಾರ್ಡಿಗೇ ಸಂಚಕಾರ. ಹಾಕೋ ಮುಂಚೆ ನಿಮ್ಮ ಕೌಂಟಿಯ ಪಟ್ಟಿಯಲ್ಲಿ ನಿನ್ನ ಹೆಸರು ಇಲ್ಲ ಅಂತ ನೋಡಿಕೋ. ಇದ್ರೆ ಫಾರಂ ಮುಟ್ಟಬೇಡ, ಈ ಸಲ ಸರಿಯಾದ ಲಾಯರ್ ಹತ್ರ ಹೋಗು.

ಇನ್ನು ನಿಮ್ಮ ತಂದೆಯವರು ಕೇಳಿದ್ದು. ಅವರು ಕೇಳಿದ್ದೇ ಈ ಇಡೀ ಚರ್ಚೆಯಲ್ಲಿ ಮುಖ್ಯವಾದ ಪ್ರಶ್ನೆ, ಯಾರೂ ಮುಟ್ಟಲಿಲ್ಲ. ಓತ್ (ಪೌರತ್ವದ ಪ್ರಮಾಣವಚನ) ತಗೊಂಡ ಕ್ಷಣ ನಿನ್ನ ಭಾರತದ ಪೌರತ್ವ ತಾನಾಗಿ ಹೋಗುತ್ತೆ, 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್. ಆ ಪಾಸ್‌ಪೋರ್ಟ್ ಕೈಯಲ್ಲಿದ್ರೂ ಅದರ ಮೇಲೆ ಹೋಗೋ ಹಾಗಿಲ್ಲ. ಗ್ರೀನ್ ಕಾರ್ಡನ್ನ ಓತ್ ದಿನ ಬಾಗಿಲಲ್ಲೇ ವಾಪಸ್ ತಗೊಳ್ತಾರೆ. ಕೈಯಲ್ಲಿ ಉಳಿಯೋದು ಒಂದು ಸರ್ಟಿಫಿಕೇಟ್, ಒಂದು ಪುಟ್ಟ ಬಾವುಟ. ಅಲ್ಲಿಂದ ಅಮೆರಿಕನ್ ಪಾಸ್‌ಪೋರ್ಟ್, ಹಳೇ ಪಾಸ್‌ಪೋರ್ಟ್ ಸರೆಂಡರ್, ಓಸಿಐ ಕಾರ್ಡ್ (ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ಭಾರತ ಕೊಡೋದು), ಒಂದಾದ ಮೇಲೆ ಒಂದು. ಓಸಿಐ ಬಂದ ಮೇಲೆ ಜೀವನಪೂರ್ತಿ ವೀಸಾ ಕೇಳೋ ಹಾಗಿಲ್ಲ, ಅಪ್ಪನಿಗೆ ಧೈರ್ಯವಾಗಿ ಹೇಳು. ಮತ ಹಾಕೋ ಹಾಗಿಲ್ಲ, ಹೊಲ ಗದ್ದೆ ಕೊಂಡುಕೊಳ್ಳೋ ಹಾಗಿಲ್ಲ, ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು.

ಕಷ್ಟ ಇರೋದು ನಡುವಿನ ಆ ವಾರಗಳಲ್ಲಿ. ನಾನು ಓತ್ ತಗೊಂಡ ಹನ್ನೊಂದನೇ ದಿನ ನಮ್ಮತ್ತೆ ಹೋದರು. ನನ್ನ ಹತ್ರ ಯಾವ ದೇಶದ ಪಾಸ್‌ಪೋರ್ಟೂ ಇರಲಿಲ್ಲ. ಯಜಮಾನರು ಒಬ್ಬರೇ ಹೋದರು, ನಾನು ವಿಡಿಯೋದಲ್ಲಿ ನೋಡಿದೆ. ಮನೆಯವರ ಸಾವುನೋವಿಗೆ ಅಂತ ಪಾಸ್‌ಪೋರ್ಟ್ ಏಜೆನ್ಸಿಯಲ್ಲಿ ತುರ್ತು ಅಪಾಯಿಂಟ್‌ಮೆಂಟ್ ಕೊಡ್ತಾರೆ ಅಂತ ನನಗೆ ಆಮೇಲೆ ಗೊತ್ತಾಯ್ತು. ನೀನು ಈಗಲೇ ತಿಳ್ಕೊಂಡಿರು. ಪಾಸ್‌ಪೋರ್ಟ್ ಅರ್ಜಿ, ಫೋಟೋ ಎಲ್ಲಾ ತುಂಬಿ ಓತ್ ದಿನಕ್ಕೆ ಚೀಲದಲ್ಲಿಟ್ಟುಕೊಂಡು ಹೋಗು. ಅದಕ್ಕಿಂತ ಮುಖ್ಯ, ಇಂಟರ್‌ವ್ಯೂ ಆದ ಮೇಲೆ ಓತ್‌ಗೆ ಮುಂಚೆ ಒಂದು ಸಲ ಹೋಗಿ ಅಪ್ಪನ್ನ ನೋಡ್ಕೊಂಡು ಬಾ. ಅರ್ಜಿ ಹಾಕಿದ ಮೇಲೂ ಪ್ರಯಾಣ ಮಾಡಬಹುದು, ಗ್ರೀನ್ ಕಾರ್ಡ್ ಇದ್ದೇ ಇರುತ್ತೆ. ನೋಟಿಸ್‌ನಲ್ಲಿ ಹೇಳಿದ ದಿನಕ್ಕೆ ಇಲ್ಲಿರಬೇಕು, ಅಷ್ಟೇ.

—

ಸುಮ್ನೆಒಬ್ಬ:

ರೂಮ್‌ಮೇಟ್‌ನ ಕೇಳಿದೆ. 14 ತಿಂಗಳು ಹೋಗಿದ್ನಂತೆ. ಮೇಷ್ಟ್ರು ಗೆದ್ದರು.

—

ಹೊಂಗೆನೆರಳು:

ಸೀತಕ್ಕ, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಹಾಕ್ತೀನಿ, ಆದರೆ ಎಲ್ಲಾ ಕಾಗದ ಸೇರಿದ ಮೇಲೆ. ಕೌಂಟಿ ಪಟ್ಟಿ ನೋಡಿದೆ, ನನ್ನ ಹೆಸರಿಲ್ಲ. ಶಾಲೆಯಿಂದ ಹಾಜರಿ ಬಂತು. ಕಂಪನಿ ಪತ್ರ ಸೋಮವಾರ ಕೊಡ್ತಾರಂತೆ.

ಒಂದೇ ಒಂದು ಉಳೀತು ಮೇಷ್ಟ್ರೇ. ಅಪ್ಪನ ಐಸಿಯು ದಾಖಲೆಯಲ್ಲಿ ‘ಜೊತೆಗಿದ್ದವರು’ ಅಂತ ನನ್ನ ಹೆಸರೇ ಇದೆ, ಆದರೆ ಮದುವೆಗೆ ಮುಂಚಿನ ಇನಿಷಿಯಲ್ ಹಾಕಿ ಬರೆದಿದ್ದಾರೆ. ಅಪ್ಪನೇ ಎಡಗೈಯಲ್ಲಿ ಬರೆದು ತೋರಿಸಿದ್ದಂತೆ, ಮಾತು ಇರಲಿಲ್ಲವಲ್ಲ. ಗ್ರೀನ್ ಕಾರ್ಡಿನಲ್ಲಿ ಯಜಮಾನರ ಹೆಸರು ಸೇರಿದೆ. ತೊಂದರೆ ಆಗುತ್ತಾ?

—

ಲೆಕ್ಕದಮೇಷ್ಟ್ರು:

ಇಲ್ಲ. ಎನ್-400ರಲ್ಲಿ ‘ಹಿಂದೆ ಬಳಸಿದ ಬೇರೆ ಹೆಸರುಗಳು’ ಅಂತ ಒಂದು ಜಾಗ ಇದೆ. ಅಪ್ಪ ಬರೆದ ಹಾಗೇ ಅಲ್ಲಿ ಬರಿ. ಮದುವೆ ಸರ್ಟಿಫಿಕೇಟಿನ ಪ್ರತಿ ಅದರ ಹಿಂದೆ ಇಡು. ಅದು ಕನ್ನಡದಲ್ಲಿದ್ರೆ ಇಂಗ್ಲಿಷ್ ಅನುವಾದ, ಅನುವಾದ ಮಾಡಿದವರ ದೃಢೀಕರಣದ ಸಹಿ ಬೇಕು, ಮರೀಬೇಡ.